ರೀಫ್ ಟ್ಯಾಂಕಿಗೆ ಹೊಸ ಮೀನು: ಅಂಗಡಿಯಿಂದ ಕ್ವಾರಂಟೈನ್ ಮುಗಿಯುವವರೆಗೆ

ಉಪ್ಪುನೀರಿನ ಮೀನು ಮಾರುವ ಎಷ್ಟೋ ಅಂಗಡಿಗಳ ಟ್ಯಾಂಕಿನಲ್ಲಿ ಒಂದಿಷ್ಟು ತಾಮ್ರ ಬೆರೆತಿರುತ್ತದೆ. ಅದು ಬಿಳಿ ಚುಕ್ಕೆ ರೋಗಕ್ಕೆ ಔಷಧಿ; ಆದರೆ ರೋಗ ವಾಸಿಯಾಗುವಷ್ಟಲ್ಲ, ಚುಕ್ಕೆ ಎದ್ದು ಕಾಣದಂತೆ ಅದುಮಿಡುವಷ್ಟು. ಅಲ್ಲಿರುವ ತನಕ ಮೀನು ಲಕಲಕ ಹೊಳೆಯುತ್ತದೆ. ತಾಮ್ರವಿಲ್ಲದ ನಿಮ್ಮ ನೀರಿಗೆ ಬಿದ್ದ ಒಂದೆರಡು ವಾರದಲ್ಲಿ ಮೈಮೇಲೆಲ್ಲ ಉಪ್ಪು ಉದುರಿಸಿದ ಹಾಗೆ ಬಿಳಿ ಚುಕ್ಕೆ. ಇದರಲ್ಲಿ ಅಂಗಡಿಯವರನ್ನು ಬೈದು ಪ್ರಯೋಜನವಿಲ್ಲ. ಇಪ್ಪತ್ತು ಟ್ಯಾಂಕಿನ ನೀರು ಸೋಸುವ ತೊಟ್ಟಿ (ಸಂಪ್) ಒಂದೇ, ವಾರವಾರ ಹೊಸ ಪೆಟ್ಟಿಗೆ. ಅವರಿಗೂ ಬೇರೆ ದಾರಿ ಕಡಿಮೆ. ಆದರೆ "ಎರಡು ವಾರದಿಂದ ಇಲ್ಲೇ ಇದೆ ಸರ್, ಏನೂ ಆಗಿಲ್ಲ" ಎನ್ನುವ ಮಾತನ್ನು ಕ್ವಾರಂಟೈನ್ (ಮುಖ್ಯ ಟ್ಯಾಂಕಿಗೆ ಬಿಡುವ ಮುಂಚೆ ಹೊಸ ಮೀನನ್ನು ಬೇರೆಯಾಗಿಡುವ) ಲೆಕ್ಕಕ್ಕೆ ಸೇರಿಸಬೇಡಿ. ನಿಮ್ಮ ಲೆಕ್ಕ ಸೊನ್ನೆಯಿಂದಲೇ ಶುರು.

ಮೀನು ಮಾತ್ರ ಇರುವ ಟ್ಯಾಂಕಿನವರು ರೋಗ ಬಂದಮೇಲೆ ಅದೇ ಟ್ಯಾಂಕಿಗೆ ಔಷಧಿ ಹಾಕಬಹುದು. ಹವಳ ಬೆಳೆಸುವ ರೀಫ್ ಟ್ಯಾಂಕಿನಲ್ಲಿ ಆ ಅವಕಾಶವಿಲ್ಲ. ಹವಳ, ಸಿಗಡಿ, ಶಂಖದ ಹುಳು ಯಾವುದೂ ತಾಮ್ರ ತಡೆಯುವುದಿಲ್ಲ. ಕಲ್ಲು, ಮರಳು ತಾಮ್ರವನ್ನು ಹೀರಿಕೊಂಡು ಆಮೇಲೆ ನಿಧಾನವಾಗಿ ಬಿಡುತ್ತವೆ. ಉಳಿಯುವುದು ಒಂದೇ ದಾರಿ: ಕಲ್ಲೆಲ್ಲ ಕಿತ್ತು ಪ್ರತಿಯೊಂದು ಮೀನನ್ನೂ ಹಿಡಿದು ಹೊರಗೆ ಹಾಕಿ, ಟ್ಯಾಂಕನ್ನು 76 ದಿನ ಮೀನಿಲ್ಲದೆ ಬಿಡುವುದು. ಇದಕ್ಕೆ ಹೋಲಿಸಿದರೆ ಪಕ್ಕದ ಕೋಣೆಯಲ್ಲಿ ಎರಡಡಿಯ ಗಾಜಿನ ಟ್ಯಾಂಕ್ ಇಡುವುದು ಏನೇನೂ ಅಲ್ಲ.

ಮೊದಲು ಆಯ್ಕೆ. ಬಣ್ಣ ನೋಡುವ ಮುಂಚೆ ಉಸಿರು ನೋಡಿ. ಕಿವಿರಿನ ಮುಚ್ಚಳ ನಿಮಿಷಕ್ಕೆ 80ಕ್ಕಿಂತ ಹೆಚ್ಚು ಸಲ ಬಡಿಯುತ್ತಿದ್ದರೆ, ಅಥವಾ ಒಂದೇ ಕಡೆಯ ಕಿವಿರು ಆಡುತ್ತಿದ್ದರೆ ಆ ಮೀನು ಬೇಡ. ಕಣ್ಣು ತಿಳಿಯಾಗಿರಬೇಕು, ಮಂಜು ಕವಿದಿರಬಾರದು. ಎದುರುಗಡೆಯಿಂದ ನೋಡಿದಾಗ ತಲೆಯ ಹಿಂದೆ, ಬೆನ್ನಿನ ಮೇಲ್ಭಾಗದಲ್ಲಿ ಮಾಂಸ ಒಳಗೆ ಕುಸಿದಿದ್ದರೆ ಅದು ಬಹಳ ದಿನದಿಂದ ಉಪವಾಸವಿದೆ ಎಂದರ್ಥ. ಹೊಟ್ಟೆ ಒಳಹೋಗಿದ್ದರೆ ಎರಡು ದಿನದ ಊಟದಲ್ಲಿ ತುಂಬೀತು, ಬೆನ್ನು ಕರಗಿದ ಮೀನು ಉಳಿಯುವುದು ಅಪರೂಪ. ಆಮೇಲೆ ಅಂಗಡಿಯವರಿಗೆ ಊಟ ಹಾಕಲು ಹೇಳಿ. ಅದು ತಿಂದು ಉಗುಳಿತೋ ನುಂಗಿತೋ, ನಿಂತು ನೋಡಿ. ಊಟ ಹಾಕಿ ತೋರಿಸಲು ಒಪ್ಪದ ಅಂಗಡಿಯಲ್ಲಿ ಕೊಳ್ಳದಿರುವುದೇ ವಾಸಿ. ಅದೇ ಟ್ಯಾಂಕಿನಲ್ಲಿ ಸತ್ತ ಮೀನು ಕಂಡರೆ ಉಳಿದವು ಎಷ್ಟೇ ಚೆನ್ನಾಗಿರಲಿ, ಕೈಬೀಸಿಕೊಂಡು ಬನ್ನಿ.

ಜಾತಿಯ ವಿಷಯ. ಪೌಡರ್ ಬ್ಲೂ ಟ್ಯಾಂಗ್ ನಮ್ಮ ಹಿಂದೂ ಮಹಾಸಾಗರದ್ದೇ ಮೀನು, ನೋಡಲು ಅದರಷ್ಟು ಚೆಂದದ್ದು ಕಡಿಮೆ. ಆದರೆ ಆರಡಿ ಉದ್ದದ ಟ್ಯಾಂಕಿಲ್ಲದೆ, ಕ್ವಾರಂಟೈನ್ ರೂಢಿಯಾಗದೆ ಅದಕ್ಕೆ ಕೈಹಾಕಬೇಡಿ. ಬಿಳಿ ಚುಕ್ಕೆ ರೋಗ ಮೊದಲು ಹತ್ತುವುದು ಅದಕ್ಕೇ. ಕ್ಲೀನರ್ ವ್ರಾಸ್ ಬದುಕುವುದು ಬೇರೆ ಮೀನಿನ ಮೈ ಮೇಲಿನ ಹುಳ, ಲೋಳೆ ತಿಂದು. ಮನೆಯ ಟ್ಯಾಂಕಿನಲ್ಲಿ ಬಹುಪಾಲು ಸೊರಗಿ ಸಾಯುತ್ತದೆ. "ರೋಗ ಬಂದರೆ ಇದೇ ತಿಂದುಹಾಕುತ್ತೆ" ಎಂದು ಮಾರುತ್ತಾರೆ, ನಂಬಬೇಡಿ. ಮ್ಯಾಂಡರಿನ್ ಮೀನಿಗೆ ದಿನವಿಡೀ ಕೋಪೆಪಾಡ್ ಎಂಬ ಸಣ್ಣ ಜೀವಿಗಳು ಬೇಕು, ಹೊಸ ಟ್ಯಾಂಕಿಗೆ ಆಗದು. ಮೊದಲ ಮೀನಾಗಿ ಟ್ಯಾಂಕಿನಲ್ಲೇ ಮರಿ ಮಾಡಿಸಿದ ಕ್ಲೌನ್ ಮೀನಿಗಿಂತ ಒಳ್ಳೆಯದು ನನಗೆ ಗೊತ್ತಿಲ್ಲ. ಕೊಚ್ಚಿಯ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು ಕ್ಲೌನ್ ಮೀನು ಮರಿ ಮಾಡಿಸುವ ವಿಧಾನವನ್ನು ಇಲ್ಲೇ ರೂಪಿಸಿದ್ದಾರೆ. ಅಂಥ ಮರಿ ಪೆಲೆಟ್ ತಿಂದೇ ಬೆಳೆದಿರುತ್ತದೆ. ಇನ್ನು ಕಡಲಕುದುರೆ ಕೊಡುತ್ತೇನೆಂದು ಯಾರಾದರೂ ಬಂದರೆ ದೂರವಿರಿ. ನಮ್ಮ ಕಡಲಿನ ಕಡಲಕುದುರೆ, ಕಲ್ಲುಹವಳಗಳನ್ನು 2001ರಲ್ಲೇ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಗೆ ಸೇರಿಸಲಾಗಿದೆ. ನೇತ್ರಾಣಿಯಲ್ಲಿ ಡೈವ್ ಮಾಡಿ ಒಂದು ತುಂಡು ಹವಳ ಕಿತ್ತು ತಂದರೂ ಅಪರಾಧವೇ.

ಈಗ ಕ್ವಾರಂಟೈನ್ ಟ್ಯಾಂಕ್. ಸಣ್ಣ ಮೀನುಗಳಿಗೆ 24×12×12 ಇಂಚಿನದು ಸಾಕು, ಟ್ಯಾಂಗ್ ಜಾತಿಗೆ ಮೂರಡಿ ಬೇಕು. ಲೀಟರ್ ಲೆಕ್ಕ ಹಾಕುವಾಗ ಗಾಜಿನ ಎತ್ತರ ಹಿಡಿಯಬೇಡಿ, ನೀರಿನ ಎತ್ತರ ಹಿಡಿಯಿರಿ: 24×12×10 ಇಂಚು ನೀರು, ಅದನ್ನು 61ರಿಂದ (ಲೀಟರಿಗೆ 61 ಘನ ಇಂಚು) ಭಾಗಿಸಿದರೆ 47 ಲೀಟರ್. ಔಷಧಿಯೆಲ್ಲ ಈ 47ಕ್ಕೇ ಹೊರತು ಅಂಗಡಿಯವರು ಹೇಳಿದ 57ಕ್ಕಲ್ಲ. ತಳದಲ್ಲಿ ಮರಳು ಬೇಡ, ಕಲ್ಲು ಬೇಡ. ಅಡಗಲು ಒಂದೂವರೆ-ಎರಡು ಇಂಚಿನ ಪಿವಿಸಿ ಎಲ್ಬೋ, ಟೀ ತುಂಡುಗಳು. ಹೀಟರ್, ಥರ್ಮಾಮೀಟರ್, ಏರ್ ಪಂಪಿಗೆ ಸೇರಿಸಿದ ಸ್ಪಾಂಜ್ ಫಿಲ್ಟರ್, ಮೇಲೆ ಮುಚ್ಚಳ. ವ್ರಾಸ್, ಗೋಬಿಗಳು ಹಾರುತ್ತವೆ. ಏರ್ ಪಂಪಿನ ವೈರನ್ನು ಮನೆಯ ಯುಪಿಎಸ್ ಲೈನಿಗೇ ಕೊಡಿ.

ಆ ಸ್ಪಾಂಜನ್ನು ಮುಖ್ಯ ಟ್ಯಾಂಕಿನ ಸಂಪಿನಲ್ಲಿ ಕನಿಷ್ಠ ಒಂದು ತಿಂಗಳು ಮುಳುಗಿಸಿಟ್ಟಿರಬೇಕು. ಹೊಸ ಸ್ಪಾಂಜಿನಲ್ಲಿ ಬ್ಯಾಕ್ಟೀರಿಯಾ ಇರುವುದಿಲ್ಲ, ಮೂರನೇ ದಿನಕ್ಕೆ ಅಮೋನಿಯಾ ಏರುತ್ತದೆ. ಕ್ವಾರಂಟೈನ್‌ನಲ್ಲಿ ಮೀನು ಸತ್ತಿತೆಂದು ಔಷಧಿಯನ್ನು ದೂರುವವರಲ್ಲಿ ಹೆಚ್ಚಿನವರ ಮೀನನ್ನು ಕೊಂದದ್ದು ಈ ಅಮೋನಿಯಾ. ನೀರಿನ ಬಗ್ಗೆಯೂ ಒಂದು ಮಾತು. ಕ್ವಾರಂಟೈನ್‌ಗೆ ಅಡುಗೆಮನೆಯ ಆರ್‌ಒ ನೀರು ನಡೆಯುತ್ತದೆ, ಆದರೆ ಈಚೆಗೆ ಮಾರುಕಟ್ಟೆಯಲ್ಲಿರುವ ಕೆಲವು ಪ್ಯೂರಿಫೈಯರ್‌ಗಳಲ್ಲಿ ಆರೋಗ್ಯಕ್ಕೆಂದು ತಾಮ್ರ ಬೆರೆಸುವ ಕಾರ್ಟ್ರಿಜ್ ಇರುತ್ತದೆ. ಆ ನೀರು ಹವಳದ ಟ್ಯಾಂಕಿಗೆ ಅಪ್ಪಿತಪ್ಪಿಯೂ ಹೋಗಕೂಡದು.

ಮೀನು ಮನೆಗೆ ಬಂದ ಗಳಿಗೆಯಲ್ಲಿ ಆಗುವ ಎಡವಟ್ಟು ಬೇರೆಯೇ. ವಿಮಾನದಲ್ಲಿ ಬಂದ ಚೀಲದಲ್ಲಿ ಮೀನು ಇಪ್ಪತ್ತು-ಮೂವತ್ತು ಗಂಟೆ ಉಸಿರಾಡಿರುತ್ತದೆ. ಇಂಗಾಲದ ಡೈಆಕ್ಸೈಡ್ ತುಂಬಿ ಪಿಎಚ್ ಇಳಿದಿರುತ್ತದೆ. ಪಿಎಚ್ ಕಡಿಮೆಯಿದ್ದಾಗ ಅಮೋನಿಯಾ ಬಹುಪಾಲು ಅಮೋನಿಯಂ ರೂಪದಲ್ಲಿರುವುದರಿಂದ ಅಷ್ಟು ವಿಷವಲ್ಲ. ಚೀಲ ಬಿಚ್ಚಿದಿರೋ, ಅನಿಲ ಹಾರಿಹೋಗಿ ಪಿಎಚ್ ಏರುತ್ತದೆ. ಅದೇ ಅಮೋನಿಯಂ ವಿಷವಾಗಿ ಕಿವಿರು ಸುಡುತ್ತದೆ. ಹೀಗಿರುವಾಗ ಬಕೆಟ್ಟಿಗೆ ಸುರಿದು ಎರಡು ಗಂಟೆ ಹನಿಹನಿ ನೀರು ಬಿಡುತ್ತಾ ಕೂರುವುದೆಂದರೆ ಮೀನನ್ನು ಆ ವಿಷದಲ್ಲೇ ನೆನೆಹಾಕಿದಂತೆ. ಸರಿಯಾದ ಕ್ರಮ: ಚೀಲದ ನೀರಿನ ಸ್ಯಾಲಿನಿಟಿ (ಉಪ್ಪಿನಂಶ) ಎಷ್ಟೆಂದು ಅಂಗಡಿಯವರನ್ನು ಮೊದಲೇ ಕೇಳಿ, ಕ್ವಾರಂಟೈನ್ ನೀರನ್ನು ಅಷ್ಟಕ್ಕೇ ಹೊಂದಿಸಿಡಿ. ಬಿಚ್ಚದ ಚೀಲವನ್ನು 20 ನಿಮಿಷ ತೇಲಿಸಿ ಉಷ್ಣತೆ ಸಮ ಮಾಡಿ. ಬಿಚ್ಚಿ, ಒಂದು ಹನಿಯನ್ನು ಉಪ್ಪಿನಂಶ ಅಳೆಯುವ ರಿಫ್ರಾಕ್ಟೋಮೀಟರಿಗೆ ಹಾಕಿ ನೋಡಿ, ಸಾಪೇಕ್ಷ ಸಾಂದ್ರತೆಯ ವ್ಯತ್ಯಾಸ 0.002ರೊಳಗಿದ್ದರೆ ಕೂಡಲೇ ಮೀನನ್ನು ಬಿಡಿ. ಚೀಲದ ನೀರು ಚರಂಡಿಗೆ. ಸ್ಯಾಲಿನಿಟಿಯನ್ನು 1.025ಕ್ಕೆ ಏರಿಸುವ ಕೆಲಸ ಆಮೇಲೆ ಮೂರ್ನಾಲ್ಕು ದಿನದಲ್ಲಿ ಆಗಲಿ. ರಿಫ್ರಾಕ್ಟೋಮೀಟರನ್ನು ಬರೀ ಆರ್‌ಒ ನೀರಿನಲ್ಲಿ ಸೊನ್ನೆಗೆ ಕೂರಿಸಿದರೆ ಸಾಲದು, 35 ಪಿಪಿಟಿ (ಸಾವಿರಕ್ಕೆ 35 ಪಾಲು ಉಪ್ಪು) ದ್ರಾವಣದಲ್ಲೂ ಪರೀಕ್ಷಿಸಿ.

ದಿನದ ಲೆಕ್ಕ ಎಲ್ಲಿಂದ ಬಂತು ಎಂದು ತಿಳಿದರೆ ಮಾತ್ರ ಕೊನೆಯವರೆಗೆ ತಾಳ್ಮೆ ಇರುತ್ತದೆ. ಬಿಳಿ ಚುಕ್ಕೆ ರೋಗದ ಪರೋಪಜೀವಿ ಕ್ರಿಪ್ಟೋಕ್ಯಾರಿಯಾನ್ ಇರಿಟಾನ್ಸ್. ಅದು ಮೀನಿನ ಚರ್ಮದಡಿ ಮೂರರಿಂದ ಏಳು ದಿನ ಮೇಯುತ್ತದೆ. ಆಮೇಲೆ ಉದುರಿ, ತಳದಲ್ಲಿ ತೆವಳಿ, ಗಟ್ಟಿ ಕೋಶ ಕಟ್ಟಿಕೊಂಡು ಒಳಗೆ ನೂರಾರು ಮರಿಗಳಾಗಿ ಒಡೆಯುತ್ತದೆ. ಕೋಶ ಬಿರಿಯಲು ಸಾಮಾನ್ಯವಾಗಿ 3ರಿಂದ 28 ದಿನ. 72 ದಿನ ಹಿಡಿದದ್ದೂ ದಾಖಲಾಗಿದೆ, ಮೊದಲು ಹೇಳಿದ 76 ದಿನದ ಲೆಕ್ಕ ಅಲ್ಲಿಂದ ಬಂದದ್ದು. ಹೊರಬಿದ್ದ ಮರಿಗೆ ಒಂದೆರಡು ದಿನದೊಳಗೆ ಮೀನು ಸಿಗದಿದ್ದರೆ ಸಾವು. ತಾಮ್ರ ಕೊಲ್ಲುವುದು ಈಜಾಡುವ ಈ ಮರಿಯನ್ನು ಮಾತ್ರ; ಚರ್ಮದೊಳಗಿದ್ದಾಗಲೂ ಕೋಶದೊಳಗಿದ್ದಾಗಲೂ ಅದಕ್ಕೆ ಏನೂ ಆಗದು. ಚುಕ್ಕೆ ಮಾಯವಾದ ದಿನ ಔಷಧಿ ನಿಲ್ಲಿಸುವವರು ಇದನ್ನೇ ಮರೆಯುತ್ತಾರೆ. ಚುಕ್ಕೆ ಹೋಯಿತೆಂದರೆ ಹುಳ ತಳ ಸೇರಿದೆ, ಸಂತಾನ ಹೆಚ್ಚಿಸಿಕೊಳ್ಳುತ್ತಿದೆ.

ವೆಲ್ವೆಟ್ ಎಂಬ ಇನ್ನೊಂದು ರೋಗ ಇದಕ್ಕಿಂತ ಕೇಡು. ಅದರ ಪರೋಪಜೀವಿ ಅಮೈಲೂಡಿನಿಯಮ್ ಮೊದಲು ಹಿಡಿಯುವುದು ಕಿವಿರನ್ನು. ಮೀನು ಏದುಸಿರು ಬಿಡುತ್ತಾ ಪಂಪಿನ ಹರಿವಿಗೆ ಮುಖವೊಡ್ಡಿ ನಿಲ್ಲುತ್ತದೆ, ಬೆಳಕು ಕಂಡರೆ ಅಡಗುತ್ತದೆ. ಮೈಮೇಲೆ ಸಣ್ಣ ಚಿನ್ನದ ಧೂಳು ಕಾಣುವ ಹೊತ್ತಿಗೆ ಒಂದೆರಡು ದಿನವಷ್ಟೇ ಉಳಿದಿರುತ್ತದೆ. ಸ್ಯಾಲಿನಿಟಿಯನ್ನು 1.009ಕ್ಕೆ ಇಳಿಸುವ ಹಳೇ ವಿಧಾನ ಬಿಳಿ ಚುಕ್ಕೆಗೆ ನಡೆಯುತ್ತದೆ, ವೆಲ್ವೆಟ್‌ಗೆ ನಡೆಯದು. ಇದರ ಮರಿಗಳು ಗಾಳಿಯ ತುಂತುರಿನಲ್ಲೂ ಸಾಗಬಲ್ಲವು. ಹಾಗಾಗಿ ಕ್ವಾರಂಟೈನ್ ಟ್ಯಾಂಕ್ ಮುಖ್ಯ ಟ್ಯಾಂಕಿನಿಂದ ಕನಿಷ್ಠ ಹತ್ತಡಿ ದೂರವಿರಲಿ, ಬಲೆ-ಬಕೆಟ್-ಪೈಪು ಎಲ್ಲವೂ ಬೇರೆಬೇರೆ.

ಎರಡನ್ನೂ ಒಂದೇ ಏಟಿಗೆ ಮುಗಿಸುವುದು ತಾಮ್ರ. ಕಾಪರ್ ಪವರ್‌ನಂಥ ಚೀಲೇಟೆಡ್ (ಬೇರೆ ಅಣುವಿಗೆ ಬಂಧಿಸಿದ) ತಾಮ್ರವಾದರೆ ಗುರಿ 2.25ರಿಂದ 2.5 ಪಿಪಿಎಂ (ಲೀಟರಿಗೆ ಮಿ.ಗ್ರಾಂ.). ಕ್ಯುಪ್ರಮೈನ್ ಎಂಬ ಇನ್ನೊಂದು ಬಗೆಯ ತಾಮ್ರದ ಔಷಧಿಯಾದರೆ 0.5. ಒಂದರ ಅಂಕಿಯನ್ನು ಇನ್ನೊಂದಕ್ಕೆ ಹಚ್ಚಿದರೆ ಒಂದೋ ಮೀನು ಸಾಯುತ್ತದೆ, ಇಲ್ಲವೋ ಹುಳ ಉಳಿಯುತ್ತದೆ. ಮೀನು ಊಟ ಹಿಡಿದ ಮೇಲೆ ಶುರುಮಾಡಿ, ನಾಲ್ಕು ದಿನದಲ್ಲಿ ಗುರಿ ಮುಟ್ಟಿಸಿ. ವೆಲ್ವೆಟ್ ಗುಮಾನಿ ಇದ್ದರೆ ಒಂದೂವರೆ-ಎರಡು ದಿನದಲ್ಲಿ. ಗುರಿ ಮುಟ್ಟಿದ ದಿನವೇ ಒಂದನೇ ದಿನ, ಅಲ್ಲಿಂದ 30 ದಿನ. ಅಳೆಯಲು ಬಣ್ಣ ಹೋಲಿಸುವ ಕಿಟ್ ನಂಬಬೇಡಿ, 2.0ಕ್ಕೂ 2.5ಕ್ಕೂ ವ್ಯತ್ಯಾಸ ಕಣ್ಣಿಗೆ ತಿಳಿಯುವುದಿಲ್ಲ. ಹನ್ನಾ ಕಂಪನಿಯ, ತಾಮ್ರ ಅಳೆಯುವ ಎಚ್‌ಐ 702 ಚೆಕರ್ ದುಬಾರಿ ಅನ್ನಿಸಿದರೂ ಒಂದು ಟ್ಯಾಂಗ್ ಉಳಿದರೆ ದುಡ್ಡು ಬಂತು.

ಮಟ್ಟ ಕುಸಿಯುವುದು ಹೆಚ್ಚಾಗಿ ನೀರು ಬದಲಿಸುವಾಗ. 2.25 ಇರುವ 47 ಲೀಟರಿನಿಂದ 10 ಲೀಟರ್ ತೆಗೆದು ಬರೀ ಉಪ್ಪುನೀರು ಹಾಕಿದರೆ ಮಟ್ಟ 1.77ಕ್ಕೆ ಇಳಿಯುತ್ತದೆ, 30 ದಿನದ ಎಣಿಕೆ ಮತ್ತೆ ಒಂದರಿಂದ. ಹೊಸ ನೀರಿಗೂ ಅದೇ ಮಟ್ಟದ ತಾಮ್ರ ಮೊದಲೇ ಬೆರೆಸಿ. ಆವಿಯಾಗಿ ಕಮ್ಮಿಯಾದದ್ದಕ್ಕೆ ಮಾತ್ರ ಬರೀ ಆರ್‌ಒ ನೀರು. ಫಿಲ್ಟರಿನಲ್ಲಿ ಕಾರ್ಬನ್ ಇದ್ದರೆ ತೆಗೆದಿಡಿ, ಯುವಿ ದೀಪ ಆರಿಸಿ. ಅಮೋನಿಯಾ ಏರಿತೆಂದು ಅಮೋನಿಯಾ ಇಳಿಸುವ ದ್ರಾವಣ ಸುರಿಯಬೇಡಿ. ತಾಮ್ರದ ಜೊತೆ, ಅದರಲ್ಲೂ ಕ್ಯುಪ್ರಮೈನ್ ಜೊತೆ ಸೇರಿದರೆ ತಾಮ್ರ ಇನ್ನೂ ವಿಷವಾಗುತ್ತದೆ. ತಾಮ್ರ ಬೆರೆಸಿದ ನೀರು ಬದಲಿಸುವುದೊಂದೇ ಪರಿಹಾರ.

ಕುಳ್ಳ ಏಂಜೆಲ್, ಲೆಪರ್ಡ್ ವ್ರಾಸ್, ಮ್ಯಾಂಡರಿನ್ ಮೊದಲಾದವಕ್ಕೆ ತಾಮ್ರ ಹೆಚ್ಚು ಒಗ್ಗದು. ಅವಕ್ಕೆ ಟ್ಯಾಂಕ್ ಬದಲಿಸುವ ವಿಧಾನವಿದೆ. ಕೋಶ ಬಿರಿಯಲು ಕನಿಷ್ಠ ಮೂರು ದಿನ ಬೇಕಲ್ಲ, ಅಷ್ಟರೊಳಗೆ ಮೀನನ್ನು ಬೇರೆ ಟ್ಯಾಂಕಿಗೆ ದಾಟಿಸುವುದು: 72 ಗಂಟೆಗೊಮ್ಮೆ, ಒಟ್ಟು ನಾಲ್ಕು ಸಲ, ಹನ್ನೆರಡು ದಿನ. ಬಿಟ್ಟುಬಂದ ಟ್ಯಾಂಕ್, ಸ್ಪಾಂಜ್, ಪೈಪು ಬ್ಲೀಚಿನಲ್ಲಿ ತೊಳೆದು ಪೂರಾ ಒಣಗಬೇಕು. ವೆಲ್ವೆಟ್‌ಗೆ ಇದನ್ನು ನಂಬಿ ಕೂರಬೇಡಿ.

ತಾಮ್ರ ಮುಗಿದ ಮೇಲೆ ಚಪ್ಪಟೆ ಹುಳ. ನಿಯೋಬೆನೆಡೀನಿಯಾದಂಥ ಫ್ಲೂಕ್‌ಗಳು ತಾಮ್ರಕ್ಕೆ ಜಗ್ಗುವುದಿಲ್ಲ, ಗಾಜಿನಷ್ಟು ಪಾರದರ್ಶಕವಾದ್ದರಿಂದ ಮೀನಿನ ಮೈಮೇಲೆ ಕಾಣುವುದೂ ಇಲ್ಲ. ಪತ್ತೆಗೆ ಸಿಹಿನೀರಿನ ಸ್ನಾನ: ಕಪ್ಪು ಬಕೆಟ್ಟಿನಲ್ಲಿ ಆರ್‌ಒ ನೀರು, ಉಷ್ಣತೆ ಟ್ಯಾಂಕಿನಷ್ಟೇ, ಅಡುಗೆ ಸೋಡಾ ಬೆರೆಸಿ ಪಿಎಚ್ ಸಮ, ಏರ್ ಸ್ಟೋನ್ ಓಡುತ್ತಿರಲಿ, ಐದು ನಿಮಿಷ. ಸಿಹಿನೀರು ತಾಗಿದೊಡನೆ ಹುಳ ಬಿಳಿಚಿಕೊಂಡು ಉದುರುತ್ತದೆ. ತಳದ ಕಪ್ಪಿನ ಮೇಲೆ ಎರಡು-ಮೂರು ಮಿಲಿಮೀಟರಿನ ಬಿಳಿ ಚಕ್ಕೆಗಳು, ಕಣ್ಣಿನ ಸುತ್ತಲಿಂದಲೂ ಕಳಚಿದವು, ಎಣಿಸಬಹುದು. ಔಷಧಿ ಪ್ರಾಜಿಕ್ವಾಂಟೆಲ್, ಲೀಟರಿಗೆ 2.5 ಮಿ.ಗ್ರಾಂ. 47 ಲೀಟರಿಗೆ ಸುಮಾರು 118. ಅಂದರೆ 600 ಮಿ.ಗ್ರಾಂ. ಮಾತ್ರೆ ನುಣ್ಣಗೆ ಅರೆದು ಐದು ಪಾಲು ಮಾಡಿ ಒಂದು ಪಾಲು. ನೀರಿನಲ್ಲಿ ಸುಲಭಕ್ಕೆ ಕರಗದು, ಮಾತ್ರೆಯ ಹಿಟ್ಟಿನಿಂದ ನೀರು ಮಸುಕಾಗುತ್ತದೆ, ಆಮ್ಲಜನಕ ಇಳಿಯುತ್ತದೆ. ಏರ್ ಪಂಪ್ ಜೋರಾಗಿರಲಿ. ಮೊಟ್ಟೆ ಇದಕ್ಕೆ ಸಾಯದ ಕಾರಣ ಕಾಲುಭಾಗ ನೀರು ಬದಲಿಸಿ ಐದರಿಂದ ಏಳು ದಿನಕ್ಕೆ ಎರಡನೇ ಸಲ ಹಾಕಲೇಬೇಕು.

ಕ್ಲೌನ್ ಮೀನಿನ ಮೈಯಿಂದ ದಪ್ಪ ಲೋಳೆ ಸುಲಿದು ಬರುತ್ತಿದ್ದರೆ ಅದು ಬ್ರೂಕ್ಲಿನೆಲ್ಲಾ ಎಂಬ ಪರೋಪಜೀವಿ. ತಾಮ್ರ ಕೇಳುವುದಿಲ್ಲ, ಫಾರ್ಮಲಿನ್ ಬೇಕು. ಕ್ರೋಮಿಸ್ ಮೀನಿನ ಪಕ್ಕೆಯಲ್ಲಿ ಕೆಂಪು ಹುಣ್ಣು ಎದ್ದರೆ ಯುರೊನೀಮಾ, ಅದಕ್ಕೆ ಸಾಮಾನ್ಯವಾಗಿ ಕಾಲ ಮಿಂಚಿರುತ್ತದೆ. ಬೆಳ್ಳುಳ್ಳಿ ರಸ ಇವ್ಯಾವಕ್ಕೂ ಮದ್ದಲ್ಲ.

ಊಟ ದಿನಕ್ಕೆ ಮೂರು-ನಾಲ್ಕು ಸಲ, ಚೂರುಚೂರು. ಫ್ರೋಜನ್ ಮೈಸಿಸ್ (ಸಿಗಡಿಯಂಥ ಪುಟ್ಟ ಜೀವಿ), ಸಣ್ಣಗೆ ಹೆಚ್ಚಿದ ಹಸಿ ಸಿಗಡಿ, ಟ್ಯಾಂಗ್‌ಗಳಿಗೆ ಉಪ್ಪು-ಮಸಾಲೆಯಿಲ್ಲದ ನೋರಿ (ಒಣಗಿಸಿದ ಕಡಲಪಾಚಿ) ಹಾಳೆ. ಹದಿನೈದು ನಿಮಿಷದಲ್ಲಿ ತಿನ್ನದೆ ಬಿಟ್ಟದ್ದನ್ನು ಪೈಪಿನಿಂದ ಎಳೆದುಬಿಡಿ. ಕೊನೆಯ ಒಂದು ವಾರ ಔಷಧಿಯಿಲ್ಲದ ನೀರಿನಲ್ಲಿ ಇಟ್ಟು ನೋಡಿ. ಎಲ್ಲ ಸೇರಿ ಏಳು ವಾರ. ಈ ನಡುವೆ ಇನ್ನೊಂದು ಮೀನು ತಂದು ಅದೇ ಟ್ಯಾಂಕಿಗೆ ಹಾಕಿದರೆ ಎರಡಕ್ಕೂ ಎಣಿಕೆ ಮೊದಲಿನಿಂದ.

ಮೀನಿಗೆ ಇಷ್ಟೆಲ್ಲ ಮಾಡಿ, ಹವಳದ ತುಂಡನ್ನೋ ಶಂಖದ ಹುಳುವನ್ನೋ ನೇರ ಟ್ಯಾಂಕಿಗೆ ಬಿಡುವವರಿದ್ದಾರೆ. ಅವಕ್ಕೆ ಈ ರೋಗ ಬರುವುದಿಲ್ಲ ನಿಜ, ಆದರೆ ಕೋಶ ಚಿಪ್ಪಿಗೂ ಹವಳದ ಬುಡದ ಪ್ಲಗ್ಗಿಗೂ ಅಂಟಿ ಬರುತ್ತದೆ. ಹವಳಕ್ಕೆ ಮಾಡುವ ಡಿಪ್ (ಔಷಧಿ ನೀರಿನಲ್ಲಿ ಅದ್ದುವುದು) ಅದನ್ನು ಕೊಲ್ಲುವುದಿಲ್ಲ. ಸಣ್ಣ ಲೈಟು ಹಾಕಿದ, ತಾಮ್ರ ಎಂದೂ ಮುಟ್ಟದ ಇನ್ನೊಂದು ಟ್ಯಾಂಕಿನಲ್ಲಿ ಮೀನಿಲ್ಲದೆ 76 ದಿನ ಇಡಿ. ನೀರು 27 ಡಿಗ್ರಿಯಲ್ಲಿ ಸ್ಥಿರವಾಗಿದ್ದರೆ 45 ದಿನ ಸಾಕೆನ್ನುವವರೂ ಇದ್ದಾರೆ. ಜಾಗವಿದ್ದರೆ ನಾನು 76ನ್ನೇ ಹಿಡಿಯುತ್ತೇನೆ.