ಗೆರೆ ಎಲ್ಲಿ ದಪ್ಪವಾಗಬೇಕು?

ಚಿತ್ರಕಾರ ಕಟ್ಟಿಂಗೇರಿ ಕೃಷ್ಣ ಹೆಬ್ಬಾರರು (1911–1996) ಗೆರೆಯಲ್ಲಿ ಬರೆದ ನರ್ತಕರಿಗೆ ಎಷ್ಟೋ ಕಡೆ ಕಣ್ಣು ಮೂಗಿನ ಗೋಜೇ ಇಲ್ಲ. ಆದರೂ ಮೈಭಾರ ಯಾವ ಕಾಲಿನ ಮೇಲಿದೆ, ಸೊಂಟ ಯಾವ ಕಡೆ ತಿರುಗಿದೆ ಎಂದು ಕೇಳಿದರೆ ಸಣ್ಣ ಮಕ್ಕಳೂ ತಟ್ಟನೆ ಹೇಳಿಬಿಡುತ್ತಾರೆ. ಅವರ ರೇಖಾಚಿತ್ರಗಳ ಪುಸ್ತಕದ ಹೆಸರು ‘ದಿ ಸಿಂಗಿಂಗ್ ಲೈನ್’. ಹಾಡುವ ಗೆರೆ ಎಂಬುದು ಬರೀ ಅಲಂಕಾರದ ಮಾತಲ್ಲ. ಲಯ ಮೈಗೆ ಹತ್ತಬೇಕೆಂದು ಕಥಕ್ ಕಲಿತವರು ಅವರು. ಉಡುಪಿಯ ಮಗ್ಗುಲ ಹಳ್ಳಿಯವರು ಬೇರೆ, ಯಕ್ಷಗಾನವಂತೂ ಅದಕ್ಕೂ ಮೊದಲೇ ಕಣ್ಣಲ್ಲಿ ಕೂತಿತ್ತು.

ಒಳ್ಳೆಯ ಗೆರೆ ಕಂಡಾಗ ಮೊದಲು ಹುಡುಕಬೇಕಾದ್ದು ಅದು ದಪ್ಪವಾಗುವ ಜಾಗ. ಭಾರ ಹೊತ್ತಲ್ಲಿ, ಮಡಚಿದಲ್ಲಿ, ಒಂದು ವಸ್ತು ಇನ್ನೊಂದರ ಮುಂದೆ ಬಂದಲ್ಲಿ ಗೆರೆ ದಪ್ಪ. ಚರ್ಮವೋ ಬಟ್ಟೆಯೋ ಬಿಗಿಯಾಗಿ ಎಳೆದಲ್ಲಿ, ಬೆಳಕು ಬಿದ್ದಲ್ಲಿ ತೆಳು. ಬೆಳಕು ಇನ್ನೂ ಜೋರಾದರೆ ಗೆರೆ ಕಡಿದೇ ಹೋಗಬೇಕು. ಇದನ್ನು ತಿಳಿಯದೆ ‘ಚಂದ ಕಾಣಲಿ’ ಎಂದು ಅಲ್ಲಲ್ಲಿ ಒತ್ತಿ ದಪ್ಪ ಮಾಡಿದರೆ ಮೈ ಊದಿಕೊಂಡಂತೆ ಕಾಣುತ್ತದೆ.

ಯಕ್ಷಗಾನದ ಬಡಗುತಿಟ್ಟು ಶೈಲಿಯ ಒಂದು ಪುಂಡುವೇಷ (ಎಳೆಯ ವೀರನ ಪಾತ್ರ) ಒಂಟಿ ಕಾಲಲ್ಲಿ ನಿಂತಿದೆ ಎನ್ನಿ. ಹೆಚ್ಚಿನವರು ತಲೆಗೆ ಕಟ್ಟುವ ಕೇದಗೆ ಮುಂದಲೆಯಿಂದ ಶುರು ಮಾಡಿ ಅಲ್ಲಿಯೇ ಕೆಡುತ್ತಾರೆ; ತಲೆ ಮುಗಿಯುವಷ್ಟರಲ್ಲಿ ಕಾಲಿಗೆ ಕಾಗದ ಉಳಿದಿರುವುದಿಲ್ಲ. ಮೊದಲು ಕುತ್ತಿಗೆಯ ಗುಳಿಯಿಂದ ನೇರ ಕೆಳಕ್ಕೆ ತೂಗುಗುಂಡು ಇಳಿಬಿಟ್ಟಂತೆ ಪೆನ್ಸಿಲಿನ ಗೆರೆ ಎಳೆಯಿರಿ. ಊರಿದ ಪಾದ ಆ ಗೆರೆಗೇ ಬರಬೇಕು, ಇಲ್ಲವಾದರೆ ವೇಷ ಬೀಳುತ್ತದೆ. (ಹಾರಿ ಸುತ್ತುವ ದಿಗಿಣ ಹಾಕುವಾಗ ಈ ಲೆಕ್ಕ ಇಲ್ಲ, ಕಾಲು ನೆಲದಲ್ಲೇ ಇಲ್ಲವಲ್ಲ!) ಆಮೇಲೆ ಸೊಂಟದಿಂದ ಮೊಣಕಾಲಿನವರೆಗೆ ಒಂದೇ ಉಸಿರಿನ ಗೆರೆ, ಮಂಡಿ ಮಡಚಿದಲ್ಲಿ ಒತ್ತು. ಕಾಲಿಗೆ ಕಚ್ಚೆ ಹಾಕಿ ಉಡುವ ಕಸೆ ಸೀರೆಯ ಚೌಕುಳಿಯನ್ನು ಪೂರ್ತಿ ತುಂಬಲು ಹೋಗಬೇಡಿ. ಬಟ್ಟೆ ತೊಡೆಯ ಸುತ್ತ ತಿರುಗುವ ಜಾಗದಲ್ಲಿ ನಾಲ್ಕೈದು ಚೌಕ ಸಾಕು, ಉಳಿದದ್ದನ್ನು ನೋಡುವವರ ಕಣ್ಣೇ ನೇಯ್ದುಕೊಳ್ಳುತ್ತದೆ. ಎಲ್ಲ ಚೌಕ ಬರೆದರೆ ಕಾಲು ಚಪ್ಪಟೆಯಾಗಿ ಗೋಡೆಗೆ ಅಂಟಿಸಿದ ಲುಂಗಿ ಆಗುತ್ತದೆ. ಮುಂದಲೆ ಕೊನೆಗೆ: ಕಪ್ಪನ್ನು ಗಟ್ಟಿಯಾಗಿ ತುಂಬಿ, ಜರಿಯ ಪಟ್ಟಿಗೆ ಮಾತ್ರ ಬಿಳಿ ಬಿಡಿ.

ಗೆರೆಯ ದಪ್ಪ ಬದಲಾಗದೆಯೂ ಚಿತ್ರ ಮಾತಾಡಬಲ್ಲದು. ಗೋವಾದ ವ್ಯಂಗ್ಯಚಿತ್ರಕಾರ ಮಾರಿಯೊ ಮಿರಾಂಡಾ ಪೆನ್ನಿನ ಸಣ್ಣ ಗೆರೆಯಲ್ಲೇ ಸಂತೆ, ಬಾಲ್ಕನಿ, ನಾಯಿ, ಪಾದ್ರಿ ಎಲ್ಲರನ್ನೂ ಒಟ್ಟಿಗೆ ತುಂಬಿದವರು. ಅಲ್ಲಿ ಕೆಲಸ ಮಾಡುವುದು ವಿನ್ಯಾಸ ಮತ್ತು ಕಪ್ಪು-ಬಿಳಿಯ ಹಂಚಿಕೆ. ಆರ್.ಕೆ. ಲಕ್ಷ್ಮಣ್ ಕುಂಚ ಹಿಡಿದವರು, ಅವರ ಕಾಗೆಯ ಕೊಕ್ಕಿಗೂ ಮಂತ್ರಿಯ ಧೋತಿಗೂ ಜೀವ ಬಂದದ್ದು ಕುಂಚದ ಒತ್ತಿನಿಂದ. ಕಲಿಯುವವರು ಒಂದೇ ಚಿತ್ರದಲ್ಲಿ ಎರಡನ್ನೂ ಬೆರೆಸಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಪತ್ರಿಕೆಗಳು ಗೆರೆಯನ್ನು ನೆಚ್ಚಿಕೊಂಡದ್ದಕ್ಕೆ ಅಚ್ಚಿನ ಕಾರಣವೂ ಇತ್ತು. ಆಗ ಚಿತ್ರ ಅಚ್ಚು ಹಾಕುತ್ತಿದ್ದ ಸತುವಿನ ತಗಡು, ಅಂದರೆ ಲೈನ್ ಬ್ಲಾಕಿಗೆ ಕಪ್ಪು ಇಲ್ಲವೇ ಬಿಳಿ, ನಡುವೆ ಏನೂ ಗೊತ್ತಿರಲಿಲ್ಲ. ಬೂದು ಬಣ್ಣ ಬೇಕಾದರೆ ಚುಕ್ಕೆಗಳ ಹಾಫ್‌ಟೋನ್ ಮಾಡಿಸಬೇಕಿತ್ತು, ಒರಟು ನ್ಯೂಸ್‌ಪ್ರಿಂಟ್ ಮೇಲೆ ಅದು ಕೆಸರಾಗುತ್ತಿತ್ತು. ಚಿತ್ರವನ್ನು ದೊಡ್ಡದಾಗಿ ಬರೆದು ಕುಗ್ಗಿಸುವುದು ರೂಢಿ. 15 ಸೆಂ.ಮೀ. ಅಗಲದ ಚಿತ್ರ 10ಕ್ಕೆ ಇಳಿದರೆ 0.3 ಮಿ.ಮೀ. ಗೆರೆ 0.2 ಆಗುತ್ತದೆ, ಗೆರೆಗಳ ನಡುವಿನ ಸಂದೂ ಅಷ್ಟೇ ಕುಗ್ಗುತ್ತದೆ. ಅದಕ್ಕೇ ಒತ್ತೊತ್ತಾಗಿ ಗೀಚಿದ ನೆರಳು ಅಚ್ಚಿನಲ್ಲಿ ಕಪ್ಪು ಮುದ್ದೆ. ಮೊಬೈಲ್ ಪರದೆಯಲ್ಲಿ ಚಿತ್ರ ಕುಗ್ಗಿದಾಗಲೂ ಇದೇ ಕಥೆ. ಗೆರೆಯ ದಪ್ಪದಷ್ಟಾದರೂ ಸಂದು ಬಿಡಿ.

ಸಾಮಾನು ಹೆಚ್ಚು ಬೇಡ. ಅದ್ದಿ ಬರೆಯುವ ಒಂದು ಮೆತ್ತನೆಯ ನಿಬ್, 2ನೇ ನಂಬರಿನ ದುಂಡು ಕುಂಚ, ವಾಟರ್‌ಪ್ರೂಫ್ ಕಪ್ಪು ಡ್ರಾಯಿಂಗ್ ಇಂಕ್. ಹೊಸ ನಿಬ್ಬಿಗೆ ತುಕ್ಕು ಹಿಡಿಯದಂತೆ ಎಣ್ಣೆ ಸವರಿರುತ್ತಾರೆ, ಅದರ ಮೇಲೆ ಶಾಯಿ ನಿಲ್ಲದೆ ಹನಿಯಾಗಿ ಬಿದ್ದುಬಿಡುತ್ತದೆ. ಟೂತ್‌ಪೇಸ್ಟ್ ಹಚ್ಚಿ ತಿಕ್ಕಿ ತೊಳೆದರೆ ಸರಿಹೋಗುತ್ತದೆ. ಅದ್ದುವಾಗ ನಿಬ್ಬಿನ ನಡುವಿನ ತೂತಿನವರೆಗೆ ಮಾತ್ರ. ನಿಬ್ಬನ್ನು ನಿಮ್ಮ ಕಡೆಗೆ ಎಳೆಯಿರಿ. ಎದುರಿಗೆ ದೂಡಿದರೆ ಮೊನೆ ಕಾಗದಕ್ಕೆ ಸಿಕ್ಕಿ ಶಾಯಿ ಸಿಡಿಯುತ್ತದೆ.

ಮಂಗಳೂರು-ಉಡುಪಿಯಲ್ಲಿ ಬರೆಯುವವರಿಗೆ ದೊಡ್ಡ ವೈರಿ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಹವೆ. ಚಿತ್ರ ಬರೆಯುವ ಕಾರ್ಟ್ರಿಜ್ ಕಾಗದ ನೀರು ಕುಡಿದು ಮೆತ್ತಗಾಗುತ್ತದೆ, ಶಾಯಿ ಹರಡಿ ಗೆರೆಯ ಅಂಚಿನಲ್ಲಿ ಸಣ್ಣ ಸಣ್ಣ ಬೇರು ಬಿಡುತ್ತದೆ. ತಪ್ಪು ಶಾಯಿಯದ್ದೆಂದು ಬಾಟಲಿ ಬದಲಿಸಿ ಪ್ರಯೋಜನವಿಲ್ಲ. ಕಾಗದ 200 ಜಿಎಸ್‌ಎಂಗಿಂತ (ಚದರ ಮೀಟರಿಗೆ 200 ಗ್ರಾಂ ತೂಕ) ಕಡಿಮೆಯದ್ದು ಬೇಡ, ನುಣುಪಾದದ್ದೇ ಇರಲಿ. ಹಾಳೆಗಳನ್ನು ಸಿಲಿಕಾ ಜೆಲ್ ಪೊಟ್ಟಣದ ಜತೆ ಪ್ಲಾಸ್ಟಿಕ್ಕಿನಲ್ಲಿ ಬಿಗಿದಿಡಿ. ಬರೆಯುವ ಮೊದಲು ಹಾಳೆಯ ಬೆನ್ನಿಗೆ ಬಟ್ಟೆ ಹಾಸಿ ಕಡಿಮೆ ಬಿಸಿಯ ಇಸ್ತ್ರಿ ಆಡಿಸಿದರೂ ಆದೀತು. ಅಂಗೈ ಕೆಳಗೆ ಒಂದು ತುಂಡು ಕಾಗದ ಬೇಕೇ ಬೇಕು, ಬೆವರು ತಾಗಿದ ಜಾಗದಲ್ಲೂ ಗೆರೆ ಬೇರು ಬಿಡುತ್ತದೆ.

ಇನ್ನು ಪೆನ್ಸಿಲ್ ಗೆರೆ ಅಳಿಸುವ ಅವಸರ. ಗಟ್ಟಿಯಾಗಿ ತುಂಬಿದ ಕಪ್ಪು ಮೇಲ್ಗಡೆ ಒಣಗಿದಂತೆ ಕಂಡರೂ ಮಳೆಗಾಲದಲ್ಲಿ ಒಳಗೆ ಹಸಿಯೇ ಇರುತ್ತದೆ. ಅದೇ ಸಂಜೆ ರಬ್ಬರ್ ಹಾಕಿದರೆ ಮುಂದಲೆಯ ಕಪ್ಪು ಮುಖದ ತುಂಬ ಎಳೆದುಕೊಂಡು ಬರುತ್ತದೆ. ಒಂದು ರಾತ್ರಿ ಫ್ಯಾನಿನ ಕೆಳಗಿಡಿ.