ಮಗಳೇ ಅನ್ನುವವರಿಗೆ ಕೆಲಸ ಹೇಳುವುದು

ಮಧ್ಯಾಹ್ನ ಹನ್ನೆರಡೂ ಮುಕ್ಕಾಲು. ಮಕ್ಕಳೆಲ್ಲ ಮಲಗಿದ್ದರು. ಮಲಗಿದ ಮಗುವನ್ನು ನೋಡಿದಾಗಲೆಲ್ಲ ಗುರುತು ಹಾಕಲು ಗೋಡೆಗೆ ಸಿಕ್ಕಿಸಿದ್ದ ನಿದ್ದೆ ಹಾಳೆಯ ಮೇಲೆ ಸುಮ್ನೆ ಕಣ್ಣು ಹಾಯಿಸಿದೆ. ಒಂದು ಗಂಟೆಯ ಚೌಕದಲ್ಲಿ ಆಗಲೇ ರೈಟ್ ಗುರುತು. ಒಂದೂಕಾಲು, ಒಂದೂವರೆ, ಎರಡು, ಎಲ್ಲಕ್ಕೂ ರೈಟ್. ಇನ್ನೂ ಬರದ ಹೊತ್ತಿಗೆ ಮಗು ಚೆನ್ನಾಗಿ ಉಸಿರಾಡಿದ್ದೂ ಆಗಿತ್ತು!

ಗುರುತು ಹಾಕಿದವರು ತೀಯಾ, ನನ್ನ ಡೇಕೇರ್‌ನ ಅಸಿಸ್ಟೆಂಟ್.

ನಮ್ಮ ಮನೆ ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ. ಕೆಳಗಿನ ಹಾಲ್, ಒಂದು ರೂಮು, ಹಿತ್ತಲು ಇಷ್ಟೂ ಬೆಳಗಾದರೆ ಮಕ್ಕಳ ಪಾಲು. ಈ ರಾಜ್ಯದಲ್ಲಿ ಮನೆಯಲ್ಲೇ ಡೇಕೇರ್ ನಡೆಸುವ ಚಿಕ್ಕ ಲೈಸೆನ್ಸ್ ಇದ್ದರೆ ಒಬ್ಬಳೇ ಹೆಚ್ಚೆಂದರೆ 8 ಮಕ್ಕಳನ್ನು ನೋಡಿಕೊಳ್ಳಬಹುದು. ದೊಡ್ಡ ಲೈಸೆನ್ಸ್‌ನಲ್ಲಿ 14ರವರೆಗೆ ಹೋಗಬಹುದು, ಆದರೆ ಅಸಿಸ್ಟೆಂಟ್ ಇರಲೇಬೇಕು. ನನ್ನ ಹತ್ತಿರ 11 ಮಕ್ಕಳಿದ್ದಾರೆ. ಮೂವರಿಗೆ ಎರಡು ವರ್ಷ ತುಂಬಿಲ್ಲ.

ಊರಲ್ಲಾದರೆ ಅಮ್ಮ ಪಕ್ಕದ ಬೀದಿಯಲ್ಲಿ ಯಾರನ್ನೋ ಮಾತಾಡಿಸಿ 'ನಾಳೆಯಿಂದ ಬಾಮ್ಮ' ಅಂದರೆ ಮುಗೀತು. ಇಲ್ಲಿ ಬೆರಳಚ್ಚು ಕೊಟ್ಟು ಕ್ಲಿಯರೆನ್ಸ್ ಬರಬೇಕು. ಟಿಬಿ ಪರೀಕ್ಷೆ ಆಗಬೇಕು. ದಡಾರ, ನಾಯಿಕೆಮ್ಮಿನ ಲಸಿಕೆ ಹಾಕಿಸಿಕೊಂಡಿದ್ದಕ್ಕೆ ಚೀಟಿ ಬೇಕು. ಮನೆಯಲ್ಲಿ ವಾಸವಿರುವ ದೊಡ್ಡವರೂ ಬೆರಳಚ್ಚು ಕೊಡಬೇಕು. ನನ್ನ ಗಂಡನೂ ಸಾಲಲ್ಲಿ ನಿಂತು ಕೊಟ್ಟು ಬಂದರು. 'ನನ್ನ ಮನೆಯಲ್ಲಿರೋಕೆ ನನಗೇ ಪರ್ಮಿಷನ್ನಾ' ಅಂತ ಒಂದು ವಾರ ಗೊಣಗಿದರು.

ಇವೆಲ್ಲ ಕಾಗದದ ಕೆಲಸ, ಮಾಡಿದರೆ ಮುಗಿಯುತ್ತದೆ. ಮುಗಿಯದ್ದು ಬೇರೆಯೇ ಇತ್ತು. ನನ್ನ ಅಸಿಸ್ಟೆಂಟ್ ಮೆಕ್ಸಿಕೋದವರು, ನನಗಿಂತ ಹದಿನೆಂಟು ವರ್ಷ ದೊಡ್ಡವರು. ಇಲ್ಲಿಯ ರೂಢಿಯಂತೆ ಹೆಸರು ಹಿಡಿದು ಕರೆಯಬೇಕು. ನನ್ನ ಬಾಯಿಗೆ ಬರಲಿಲ್ಲ. ಮಕ್ಕಳು ಸ್ಪ್ಯಾನಿಷ್‌ನಲ್ಲಿ ಅವರನ್ನು 'ತೀಯಾ' ಅನ್ನುತ್ತಿದ್ದವು, ಅಂದರೆ ಅತ್ತೆನೋ ಚಿಕ್ಕಮ್ಮನೋ. ನಾನೂ ಅದನ್ನೇ ಹಿಡಿದೆ. ಅವರು ನನ್ನನ್ನು 'ಮಿಹಾ' ಅಂದರು. ನನ್ನ ಮಗಳೇ ಅಂತ. ಎಷ್ಟು ಚೆಂದ ಅಲ್ವಾ? ಆದರೆ ಮಗಳೇ ಅನ್ನುವವರಿಗೆ 'ಇದು ಸರಿಯಿಲ್ಲ, ಹೀಗೆ ಮಾಡಬೇಡಿ' ಅಂತ ಹೇಳುವುದು ಹೇಗೆ?

ಹೇಳುತ್ತಿರಲಿಲ್ಲ. ಅವರು ಒರೆಸಿದ ಟೇಬಲ್ಲನ್ನು ಹಿಂದೆಯೇ ಹೋಗಿ ಮತ್ತೆ ಒರೆಸುತ್ತಿದ್ದೆ. ಅವರು ಕೂಸನ್ನು ಬೋರಲು ಮಲಗಿಸಿ ಕಂಬಳಿ ಹೊದಿಸಿದರೆ, ಸದ್ದಿಲ್ಲದೆ ಕಂಬಳಿ ತೆಗೆದು ಅಂಗಾತ ಮಾಡುತ್ತಿದ್ದೆ. ವರ್ಷ ತುಂಬದ ಮಗುವನ್ನು ಅಂಗಾತವೇ ಮಲಗಿಸಬೇಕು, ಕ್ರಿಬ್‌ನಲ್ಲಿ, ಅಂದರೆ ಕಟಕಟೆಯಿರುವ ಕೂಸಿನ ಮಂಚದಲ್ಲಿ, ಕಂಬಳಿ, ದಿಂಬು, ಗೊಂಬೆ ಏನೂ ಇರಕೂಡದು ಅಂತ ಇಲ್ಲಿ ನಿಯಮ. ನಿದ್ದೆಯಲ್ಲಿ ಉಸಿರು ಕಟ್ಟುವ ಅಪಾಯಕ್ಕೆ. ತೀಯಾ ನಾಲ್ಕು ಮಕ್ಕಳನ್ನು ಬೋರಲು ಮಲಗಿಸಿಯೇ ಸಾಕಿದವರು. ನಮ್ಮಜ್ಜಿಯೂ ತೊಟ್ಟಿಲಲ್ಲಿ ಕೌದಿ ಸುತ್ತಿಯೇ ಮಲಗಿಸುತ್ತಿದ್ದರು. ಹಾಗಾಗಿ ನನಗೆ ಬಾಯೇ ಬರುತ್ತಿರಲಿಲ್ಲ.

ಆದರೆ ಆ ಹಾಳೆ ಬೇರೆ ಮಾತು. ಎರಡು ವರ್ಷದೊಳಗಿನ ಮಗು ಮಲಗಿದ್ದಾಗ 15 ನಿಮಿಷಕ್ಕೊಮ್ಮೆ ಹತ್ತಿರ ಹೋಗಿ ನೋಡಬೇಕು. ಉಸಿರು ಸರಾಗವಾಗಿದೆಯಾ, ಮೈ ಬಿಸಿಯಾಗಿದೆಯಾ ನೋಡಿ ಬರೆದಿಡಬೇಕು. ಅದನ್ನು ಮೊದಲೇ ತುಂಬಿಟ್ಟರೆ ಲೈಸೆನ್ಸ್ ಹೋಗುವುದು ಆಮೇಲಿನ ಚಿಂತೆ.

ಅವತ್ತು ಗಂಡನನ್ನು ಮಕ್ಕಳ ಹತ್ತಿರ ಕೂರಿಸಿ, ತೀಯಾರನ್ನು ಹಿತ್ತಲಿಗೆ ಕರೆದೆ. ನಿಂಬೆ ಗಿಡದ ಹತ್ತಿರ ನಿಂತು ಹಾಳೆ ತೋರಿಸಿದೆ. ನನ್ನ ಕೈಯೇ ನಡುಗುತ್ತಿತ್ತು. ಅವರು ಹಾಳೆ ನೋಡಿದರು, ನನ್ನನ್ನು ನೋಡಿದರು. 'ಇದು ನನ್ನ ತಪ್ಪು' ಅಂದರು. ಅಷ್ಟಕ್ಕೇ ನಿಲ್ಲಿಸಲಿಲ್ಲ.

'ಆದರೆ ಮಿಹಾ, ನಾನು ಮಾಡಿದ್ದೆಲ್ಲ ನೀನು ಮತ್ತೆ ಮಾಡುತ್ತೀಯ. ಹೇಗೂ ನೀನು ಬಂದು ನೋಡುತ್ತೀಯಲ್ಲ, ನಾನು ನೋಡಿದರೇನು ಬಿಟ್ಟರೇನು?'

ನನಗೆ ಉತ್ತರ ಹೊಳೆಯಲಿಲ್ಲ. ಅವರು ಇನ್ನೊಂದು ಮಾತೂ ಹೇಳಿದರು. ಶುಕ್ರವಾರಗಳಂದು ನಾನು ಅವರನ್ನು ಐದರ ಮೇಲೂ ನಿಲ್ಲಿಸಿಕೊಳ್ಳುತ್ತಿದ್ದೆ. 880 ಫ್ರೀವೇ ಜಾಮ್ ಆದರೆ ಅಪ್ಪ ಅಮ್ಮಂದಿರು ಬರುವುದು ತಡ. ನಾನು ಒಂದು ಡಬ್ಬಿ ಚಿತ್ರಾನ್ನ ಕಟ್ಟಿಕೊಟ್ಟು ಪ್ರೀತಿ ತೋರಿಸಿದೆ ಅಂದುಕೊಂಡಿದ್ದೆ. ಇಲ್ಲಿ ದಿನಕ್ಕೆ 8 ಗಂಟೆ ದಾಟಿದ ಕೆಲಸಕ್ಕೆ ಒಂದೂವರೆ ಪಟ್ಟು ಕೂಲಿ ಕೊಡಬೇಕು. ಗೊತ್ತಿಲ್ಲದ ವಿಷಯವೇನಲ್ಲ. ಮನೆಯವರ ಹಾಗೆ ಅಲ್ವಾ ಅಂತ ನನಗೆ ನಾನೇ ಹೇಳಿಕೊಂಡಿದ್ದೆ. ಮನೆಯವರು ಅನ್ನುವುದು ನನಗೆ ಎಷ್ಟು ಅಗ್ಗವಾಗಿ ಒದಗಿತ್ತು ನೋಡಿ. 'ಚಿತ್ರಾನ್ನ ಚೆನ್ನಾಗಿತ್ತು' ಅಂದರು ಪುಣ್ಯಾತ್ಗಿತ್ತಿ. ಸಿಟ್ಟು ಅದರಲ್ಲೇ ಇತ್ತು.

ರಾತ್ರಿ ಕೂತು ಹಳೆಯ ಶುಕ್ರವಾರಗಳ ಲೆಕ್ಕ ಹಾಕಿದೆ. ಮುಂದಿನ ಸಂಬಳದಲ್ಲಿ ಸೇರಿಸಿದೆ. ಹಾಳೆಯನ್ನೂ ಬದಲಿಸಿದೆ. ಚೌಕ ತೆಗೆದುಹಾಕಿದೆ, ರೈಟ್ ಗುರುತು ಇಲ್ಲ. ನೋಡಿದ ಹೊತ್ತನ್ನು ಕೈಯಲ್ಲೇ ಬರೆಯಬೇಕು, ಪಕ್ಕದಲ್ಲಿ ಅಡುಗೆಮನೆಯ ಟೈಮರ್. ನಿದ್ದೆ ರೂಮು ಪೂರ್ತಿ ತೀಯಾದು. ಮಲಗಿಸುವ ರೀತಿ ಮಾತ್ರ ನಿಯಮದ್ದು, ಅದರಲ್ಲಿ ನಂದೂ ಇಲ್ಲ ಅವರದ್ದೂ ಇಲ್ಲ ಅಂದೆ. ಊಟ, ಹಿತ್ತಲಿನ ಆಟ ನನ್ನದು. ಅವರು ಒರೆಸಿದ ಟೇಬಲ್ಲನ್ನು ಮತ್ತೆ ಒರೆಸದೆ ಇರುವುದು ಇವತ್ತಿಗೂ ನನಗೆ ಕಷ್ಟ. ಕೈ ಕಟ್ಟಿಕೊಂಡು ನಿಲ್ಲುತ್ತೇನೆ.

ಈಗ ಹಾಳೆಯಲ್ಲಿ 12:47, 1:01, 1:15 ಅಂತ ಅವರ ಓರೆ ಅಕ್ಷರ.

ಹೋದ ಗುರುವಾರ ಚೀಲ ಹೆಗಲಿಗೆ ಹಾಕಿಕೊಳ್ಳುತ್ತಾ ಹೇಳಿದರು: 'ನಾಳೆ ಐದಕ್ಕೆ ಹೊರಡುತ್ತೇನೆ ಮಿಹಾ, ಮೊಮ್ಮಗನ ಹುಟ್ಟುಹಬ್ಬ.' ಕೇಳಲಿಲ್ಲ, ಹೇಳಿದರು. ಶುಕ್ರವಾರ ಐದಕ್ಕೆ ಸರಿಯಾಗಿ ಹೊರಟರು. ಐದೂ ಇಪ್ಪತ್ತಾದರೂ ಇಬ್ಬರು ಮಕ್ಕಳು ಶೂ ಹಾಕಿಕೊಂಡು ಬಾಗಿಲಲ್ಲೇ ಕೂತಿದ್ದವು. ನಾನೂ ಪಕ್ಕದಲ್ಲಿ ಕೂತು, ಅವರ ಅಮ್ಮಂದಿರಿಗೆ ತಡವಾದರೆ ಎಷ್ಟು ದುಡ್ಡು ಅಂತ ಮೊದಲ ಸಲ ಮೆಸೇಜ್ ಬರೆದೆ.