ಕಾಫಿ ಲೆಕ್ಕಕ್ಕಿಲ್ಲ

ಅಮ್ಮನ ಮಂಡಿ ಆಪರೇಷನ್ ಅಂತ ಕಳೆದ ವರ್ಷ ಮ್ಯಾಂಚೆಸ್ಟರ್‌ನಿಂದ ಊರಿಗೆ ಬಂದಿದ್ದೆ. ಬೆಳಗಿನ ಜಾವವೇ ತೀರ್ಥಹಳ್ಳಿ ಬಿಟ್ಟು, ಮಂಡಗದ್ದೆ, ಗಾಜನೂರು ದಾಟಿ ಶಿವಮೊಗ್ಗ ಸೇರಿದೆವು. ಆಸ್ಪತ್ರೆಯಲ್ಲಿ ನರ್ಸ್ ಫೈಲ್ ಹಿಡಿದುಕೊಂಡು ಬಂದು, "ಏನೂ ತಿಂದಿಲ್ಲ ಅಲ್ವಾ ಅಮ್ಮಾ?" ಎಂದರು.

"ಏನೂ ತಿಂದಿಲ್ಲಪ್ಪ," ಎಂದಳು ಅಮ್ಮ. ನರ್ಸ್ ಟಿಕ್ ಹಾಕಿ ಹೊರಟೇಬಿಟ್ಟರು.

ನನಗೆ ಬೆಳಿಗ್ಗೆ ಅಡುಗೆಮನೆಯಿಂದ ಬಂದ ಡಿಕಾಕ್ಷನ್ ವಾಸನೆ ನೆನಪಾಯಿತು. "ಅಮ್ಮಾ, ಕಾಫಿ?"

"ಒಂದೇ ಲೋಟ ಕಣೇ. ಕಾಫಿ ಏನು ತಿಂಡೀನಾ?"

ಅವಳು ಸುಳ್ಳು ಹೇಳಿರಲಿಲ್ಲ. ನಮ್ಮ ಕಡೆ ಕಾಫಿ ಕುಡಿಯದೆ ದಿನವೇ ಶುರುವಾಗುವುದಿಲ್ಲ, ಹಾಗಾಗಿ ಅದು ಲೆಕ್ಕಕ್ಕೂ ಬರುವುದಿಲ್ಲ. ಎಲೆ ಅಡಿಕೆಯೂ ಅಷ್ಟೇ. ಆದರೆ ಅರಿವಳಿಕೆಯ ಲೆಕ್ಕ ಬೇರೆ. ಮಂಪರಿನಲ್ಲಿ ಕೆಮ್ಮಲು, ನುಂಗಲು ಆಗುವುದಿಲ್ಲ. ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದರೆ ಜೀವಕ್ಕೇ ಅಪಾಯ. ನೀರು, ಹಾಲಿಲ್ಲದ ಕಾಫಿ ಆದರೆ ಸಾಮಾನ್ಯವಾಗಿ 2 ಗಂಟೆ ಬಿಟ್ಟರೆ ಸಾಕು. ಹಾಲು ಬಿದ್ದರೆ 6 ಗಂಟೆ. ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಮಾಡುವ ಆಪರೇಷನ್ ಆದರೂ ಇದನ್ನು ಬಿಡುವಂತಿಲ್ಲ, ಮಧ್ಯೆ ಪೂರ್ತಿ ಮಂಪರು ಕೊಡಬೇಕಾಗಿ ಬರಬಹುದು. ನಾನೇ ಹೋಗಿ ಡಾಕ್ಟರಿಗೆ ಹೇಳಿದೆ. ಆಪರೇಷನ್ ಮರುದಿನಕ್ಕೆ ಹೋಯಿತು. ಅಮ್ಮ ಸಂಜೆವರೆಗೂ ನನ್ನ ಹತ್ತಿರ ಮಾತಾಡಲಿಲ್ಲ.

ನಾನು ಮ್ಯಾಂಚೆಸ್ಟರ್‌ನಲ್ಲಿ ಅರಿವಳಿಕೆ ಡಾಕ್ಟರುಗಳ ಜೊತೆ ಆಪರೇಷನ್ ಥಿಯೇಟರ್‌ನಲ್ಲಿ ಕೆಲಸ ಮಾಡುವವಳು. ಅಲ್ಲಿ "ನೀವು ಇಂಥವರಲ್ವಾ?" ಎಂದು ಕೇಳುವ ಹಾಗಿಲ್ಲ. "ನಿಮ್ಮ ಹೆಸರು ಹೇಳಿ" ಎನ್ನಬೇಕು. ಹೆದರಿದ ಮನುಷ್ಯ ಯಾವ ಹೆಸರಿಗಾದರೂ ತಲೆ ಆಡಿಸಿಬಿಡುತ್ತಾನೆ. ಕೊನೆಯ ಸಲ ಏನು ಕುಡಿದಿರಿ, ಎಷ್ಟು ಗಂಟೆಗೆ ಎಂದೂ ಹಾಗೇ ಕೇಳುತ್ತೇವೆ.

ಮಂಪರು ಕೊಡುವ ಮುಂಚೆ, ಚಾಕು ಇಡುವ ಮುಂಚೆ, ಥಿಯೇಟರ್‌ನಿಂದ ಹೊರಗೆ ಕಳಿಸುವ ಮುಂಚೆ ಎಲ್ಲರೂ ನಿಂತು, ಮರೆಯದೆ ನೋಡಬೇಕಾದ್ದರ ಒಂದು ಪಟ್ಟಿ ಓದುತ್ತೇವೆ. ಇದು ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ತಂದದ್ದು. ದೆಹಲಿಯೂ ಸೇರಿ 8 ನಗರಗಳ ಆಸ್ಪತ್ರೆಗಳಲ್ಲಿ ಪರೀಕ್ಷೆ ಮಾಡಿ ನೋಡಿದಾಗ ಸಾವು ನೂರಕ್ಕೆ 1.5 ಇದ್ದದ್ದು 0.8ಕ್ಕೆ ಇಳಿದಿತ್ತು. ಆದರೆ ಕೆನಡಾದ ಒಂಟಾರಿಯೊದಲ್ಲಿ 101 ಆಸ್ಪತ್ರೆಗಳ ಲೆಕ್ಕ ತೆಗೆದು 2014ರಲ್ಲಿ ಪ್ರಕಟಿಸಿದಾಗ ಹೇಳಿಕೊಳ್ಳುವಂಥ ವ್ಯತ್ಯಾಸವೇ ಕಾಣಲಿಲ್ಲ. ಯಾಕೆ ಎಂದು ದೊಡ್ಡ ಚರ್ಚೆಯೇ ಆಯಿತು. ಶಿವಮೊಗ್ಗದ ನರ್ಸ್ ಹಾಕಿದ ಆ ಟಿಕ್ ನೋಡಿದ ಮೇಲೆ ನನಗೇನೂ ಆಶ್ಚರ್ಯ ಅನಿಸುವುದಿಲ್ಲ.

ಕಷ್ಟ ಅನಿಸಿದ್ದು ಪಟ್ಟಿ ಓದುವುದಲ್ಲ, ಬಾಯಿ ಬಿಡುವುದು. ಕಾಲನ್ನೋ ಕೈಯನ್ನೋ ಮರಗಟ್ಟಿಸುವಾಗ ಸೂಜಿ ಚುಚ್ಚುವ ಮುಂಚೆ ಒಮ್ಮೆ ನಿಲ್ಲಬೇಕು, ಎಡವೋ ಬಲವೋ ಎಂದು ಡಾಕ್ಟರೂ ಜೊತೆಗಿರುವ ನಾವೂ ಇಬ್ಬರೂ ನೋಡಬೇಕು ಎಂಬುದು ಅಲ್ಲಿನ ರೂಢಿ. ದೊಡ್ಡವರ ಮಾತಿಗೆ ಅಡ್ಡ ಬಾಯಿ ಹಾಕಬೇಡ ಎಂದು ಕೇಳಿಕೊಂಡೇ ಬೆಳೆದವಳು ನಾನು. ಮೂವತ್ತು ವರ್ಷ ಸರ್ವಿಸ್ ಆದ ಡಾಕ್ಟರಿಗೆ "ನಿಲ್ಲಿ" ಎನ್ನುವುದು ಹೇಗೆ? ಒಂದು ದಿನ ಅಂದೇಬಿಟ್ಟೆ. ಕಾಲಿನ ಮೇಲೆ ಪೆನ್ನಿನ ಬಾಣದ ಗುರುತು ಕಂಡಿರಲಿಲ್ಲ. ಅವರು ಸೂಜಿ ಕೆಳಗಿಟ್ಟು ಹೊದಿಕೆ ಸರಿಸಿದರು. ಬಾಣ ಅಲ್ಲೇ ಇತ್ತು, ಸರಿಯಾದ ಕಾಲಿನ ಮೇಲೇ. ನನ್ನ ಮುಖ ಕೆಂಪಾಯಿತು. "ಥ್ಯಾಂಕ್ಸ್, ಮುಂದಿನ ಸಲವೂ ಹೀಗೇ ಹೇಳು" ಎಂದು ಸೂಜಿ ಎತ್ತಿಕೊಂಡರು.

ಅಮ್ಮ ಈಗ ಕೋಲಿಲ್ಲದೆ ತೋಟಕ್ಕೆ ಹೋಗುತ್ತಾಳೆ, ಅಕ್ಕಪಕ್ಕದವರಿಗೆ ಬುದ್ಧಿಯನ್ನೂ ಹೇಳುತ್ತಾಳೆ. ಮೊನ್ನೆ ಫೋನಿನಲ್ಲಿ ನಗುತ್ತಿದ್ದಳು. "ಮೇಲಿನ ಮನೆ ಅತ್ತಿಗೆಗೆ ಹರ್ನಿಯಾ ಆಪರೇಷನ್ ಇತ್ತು ಕಣೇ. ಕಾಫಿ ಮಾತ್ರ ಕುಡೀಬೇಡ ಮಾರಾಯ್ತಿ ಅಂದಿದ್ದೆ. ಟೀ ಕುಡ್ಕೊಂಡು ಹೋಗಿದಾಳೆ."